ಹೊಳೆವ್ವನ ಖಾತೆ, ಸುವರ್ಣಾಳ ಆಧಾರ

"ಈ ಹೊಳೆವ್ವ ಅನ್ನಾರನ್ನ ಕರ್ಕೊಂಡು ಬರ್ರಿ ಅಕ್ಕಾರ. ಅವರು ಬಂದು ಸಹಿ ಮಾಡಿದ್ರ ಕೆಲಸ ಆಗತೈತಿ," ಎನ್ನುತ್ತ ಟಿಕೋಟಾದ ಅಂಚೆ ಕಚೇರಿಯ ಗುಮಾಸ್ತ ಪಾಸ್‌ಬುಕ್ಕನ್ನೂ ಆಧಾರ ಕಾರ್ಡನ್ನೂ ಕಿಟಕಿಯಿಂದ ಈಚೆ ಸರಿಸಿದ.

"ನಾನ ಹೊಳೆವ್ವ ಅದೀನ್ರಿ," ಎಂದಳು ಕಿಟಕಿಯ ಮುಂದೆ ನಿಂತಿದ್ದ ಹೆಂಗಸು.

ಗುಮಾಸ್ತ ಆಕೆಯ ಮುಖ ನೋಡಿದ, ಮತ್ತೆ ಕಾರ್ಡು ನೋಡಿದ. ಫೋಟೋ ಇವಳದೇ. ಹೆಸರು ಮಾತ್ರ ಸುವರ್ಣಾ ಚಂದ್ರಕಾಂತ ಮೇಟಿ, ಜಲನಗರ, ವಿಜಯಪುರ. ಪಾಸ್‌ಬುಕ್ಕಿನಲ್ಲಿ ಹೊಳೆವ್ವ ಶಂಕರೆಪ್ಪ ಪೂಜೇರಿ, ಟಿಕೋಟಾ. ಹೆಸರು ಬೇರೆ, ಅಡ್ಡಹೆಸರು ಬೇರೆ, ಊರೂ ಬೇರೆ. ಪಾಪ, ಅವನಾದರೂ ಏನು ಮಾಡಿಯಾನು? ಆಧಾರ ಜೋಡಿಸದ ಖಾತೆಗಳನ್ನು ನಿಲ್ಲಿಸಬೇಕೆಂದು ನಿಯಮ ಬಂದಿತ್ತು, ಕಂಪ್ಯೂಟರು ಕೇಳಿದ್ದನ್ನು ಅವನು ಕೇಳಿದ. ಆದರೆ ಹೊಳೆವ್ವನಿಗೆ ಸಿಟ್ಟು ನೆತ್ತಿಗೇರಿತು. ಆ ಖಾತೆಯಲ್ಲಿ ಆಕೆಯ ಆರು ಲಕ್ಷ ನಲವತ್ತೆಂಟು ಸಾವಿರ ರೂಪಾಯಿ ಇತ್ತು. ಅದನ್ನು ಇಟ್ಟವಳು ಅಲ್ಲೇ ಜೀವಂತ ನಿಂತಿದ್ದಳು, ಬೆವರು ಒರೆಸಿಕೊಳ್ಳುತ್ತ, ಮತ್ತು ಆಕೆಗೆ ಆಕೆಯನ್ನೇ ಕರೆದುಕೊಂಡು ಬರಲು ಹೇಳುತ್ತಿದ್ದರು.

ಒಬ್ಬ ಹೆಂಗಸಿಗೆ ಎರಡು ಹೆಸರು ಹೇಗೆ ಬಂದವೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಬೇಕು. ಮದುವೆಯಾಗಿ ಬಂದ ಸೊಸೆಗೆ ಹೊಸ ಹೆಸರಿಡುವ ರೂಢಿ ಇಲ್ಲಿ ಎಷ್ಟೋ ಮನೆಗಳಲ್ಲಿದೆ. ತಾಟಿನಲ್ಲಿ ಅಕ್ಕಿ ಹರವುತ್ತಾರೆ, ಮದುಮಗನ ಕೈಗೆ ಉಂಗುರ ಕೊಟ್ಟು ಬರೆಸುತ್ತಾರೆ. ಇಪ್ಪತ್ತೆಂಟು ವರ್ಷದ ಹಿಂದೆ ಟಿಕೋಟಾದ ಹೊಳೆವ್ವ ಬಬಲೇಶ್ವರದ ಮೇಟಿಯವರ ಮನೆ ಹೊಕ್ಕಾಗ ಅಲ್ಲಿ ಆಗಲೇ ಒಬ್ಬ ಹೊಳೆವ್ವ ಇದ್ದಳು, ಆಕೆಯ ಅತ್ತೆ. ಹಡೆದ ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದುಂಟೇ? ಚಂದ್ರಕಾಂತ ಅಕ್ಕಿಯಲ್ಲಿ ಸುವರ್ಣಾ ಎಂದು ಗೀಚಿದ. ಅಷ್ಟಕ್ಕೆ ಇಪ್ಪತ್ತು ವರ್ಷದ ಹೊಳೆವ್ವ ಮುಗಿದುಹೋದಳು. ಆ ಅಕ್ಕಿಯನ್ನು ಮರುದಿನ ಅನ್ನ ಮಾಡಿ ಉಂಡರು, ಆಕೆಯೂ ಉಂಡಳು.

ಅಪ್ಪ ಶಂಕರೆಪ್ಪ ಕುರಿ ಕಾಯುವವನು. ಸಾಲಿ ಕಲಿತವನಲ್ಲ, ಆದರೆ ತಲೆ ಇತ್ತು. ಮಗಳು ಹುಟ್ಟಿದ ವರ್ಷ ಒಂದು ಹೆಣ್ಣುಮರಿಯನ್ನು ಆಕೆಯ ಪಾಲಿಗೆಂದು ಬೇರೆ ಗುರುತು ಹಾಕಿ ಬಿಟ್ಟಿದ್ದ. ಮದುವೆಯ ಹೊತ್ತಿಗೆ ಅದರ ಸಂತಾನ ಇಪ್ಪತ್ಮೂರು ಆಗಿತ್ತು. ಅಷ್ಟನ್ನೂ ಮಾರಿ, ಬಂದ ರೊಕ್ಕವನ್ನು ಬೀಗರಿಗೆ ತೋರಿಸದೆ, ತಮ್ಮೂರ ಪೋಸ್ಟಿನಲ್ಲಿ ಮಗಳ ಹೆಸರಿಗೆ ಇಟ್ಟ. "ಇದು ನಿಂದು. ಯಾರು ಕೇಳಿದ್ರೂ ಕೊಡಬ್ಯಾಡ. ನಾನು ಕೇಳಿದ್ರೂ ಕೊಡಬ್ಯಾಡ," ಎಂದಿದ್ದ.

ಆಕೆ ಕೊಡಲಿಲ್ಲ. ಅವಧಿ ಮುಗಿದಾಗಲೆಲ್ಲ ತವರಿಗೆ ಹೋದ ನೆಪದಲ್ಲಿ ಮತ್ತೆ ಅಲ್ಲೇ ಇಟ್ಟು ಬಂದಳು. ಮುಂದೆ ಸ್ವಂತ ದುಡಿಮೆ ಶುರುವಾದಾಗ ಅದನ್ನೂ ತಿಂಗಳು ತಿಂಗಳು ಅಲ್ಲಿಗೇ ಸೇರಿಸಿದಳು. ವಿಜಯಪುರದಲ್ಲಿ ಪೋಸ್ಟಿಲ್ಲವೇ, ಬ್ಯಾಂಕಿಲ್ಲವೇ? ಇವೆ. ಆದರೆ ಆಕೆಯ ಲೆಕ್ಕವೇ ಬೇರೆ. ಗಂಡನ ಮನೆಯವರಿಗೆ ಗೊತ್ತಿರುವುದು ಸುವರ್ಣಾ. ಸುವರ್ಣಾಳ ಹೆಸರಿನಲ್ಲಿ ಏನಿದ್ದರೂ ಅದಕ್ಕೆ ನೂರು ಕೈ ಬರುತ್ತವೆ: ಮೈದುನನ ಬೈಕು, ನಾದಿನಿಯ ಸೀಮಂತ, ಭಾವನ ಬೋರ್‌ವೆಲ್. ಅತ್ತೆಯಲ್ಲದೆ ಇನ್ನೊಬ್ಬ ಹೊಳೆವ್ವ ಇದ್ದಳೆಂದು ಆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಯಾರಿಗೂ ನೆನಪಿಲ್ಲದವಳ ಗಂಟಿಗೆ ಯಾರ ಕಣ್ಣು ಬೀಳುತ್ತದೆ? ಹಳೆಯ ಹೆಸರೇ ಆಕೆಯ ತಿಜೋರಿ. ಇಪ್ಪತ್ತೆಂಟು ವರ್ಷ ಆ ತಿಜೋರಿ ಗಟ್ಟಿಯಾಗೇ ಇತ್ತು. ಈಗ ಅದರ ಕೀಲಿ ಆಕೆಯ ಕೈಗೇ ಸಿಗದಾಯಿತು. ಬುದ್ಧಿವಂತಿಕೆಯೆಂದು ಮಾಡಿದ್ದು ಹೀಗೆ ತಿರುಗಿ ಬಡಿಯುತ್ತದೆ ನೋಡಿ.

ಜಲನಗರದಲ್ಲಿ ಆಕೆಯದು ರೊಟ್ಟಿ ಅಂಗಡಿ. ಬಾಡಿಗೆ ಮನೆಯ ಮುಂದಿನ ಖೋಲಿಯಲ್ಲಿ ಎರಡು ಒಲೆ, ಎರಡು ಹಂಚು. ಹನಮವ್ವ ಎಂಬಾಕೆ ಹಿಟ್ಟು ನಾದಿ ಬೇಯಿಸುತ್ತಾಳೆ, ಹೊಳೆವ್ವ ಬಡಿಯುತ್ತಾಳೆ. ನೌಕರಿಯವರ ಓಣಿ, ಇಬ್ಬರೂ ದುಡಿಯುವ ಮನೆಗಳು, ಜೋಳದ ರೊಟ್ಟಿ ಬೇಕು, ಬಡಿಯಲು ಯಾರಿಗೂ ಪುರುಸೊತ್ತಿಲ್ಲ. ದಿನಕ್ಕೆ ಮುನ್ನೂರು. ಗಂಡ ಚಂದ್ರಕಾಂತ ಗೂಡ್ಸ್ ಗಾಡಿ ಓಡಿಸುತ್ತಾನೆ, ಬಾಡಿಗೆ ಸಿಕ್ಕರೆ ದುಡಿಮೆ, ಇಲ್ಲದಿದ್ದರೆ ಗಾಡಿಯಲ್ಲೇ ನಿದ್ದೆ. ಮನೆ ನಡೆದದ್ದು, ಮಗಳು ವಿಜಯಲಕ್ಷ್ಮೀ ನರ್ಸಿಂಗ್ ಸೇರಿದ್ದು, ಎಲ್ಲ ಆ ಹಂಚಿನ ಮೇಲೆ.

ಬಲಗೈ ಭುಜ ಹೋದ ವರ್ಷ ಕೈಕೊಟ್ಟಿತು. ಇನ್ನೂರೈವತ್ತರವರೆಗೆ ಹೇಗೋ ನಡೆಯುತ್ತದೆ. ಅಲ್ಲಿಂದಾಚೆಗಿನ ಐವತ್ತು ರೊಟ್ಟಿಗೆ ಕೈ ಎತ್ತಿದರೆ ಕಣ್ಣಲ್ಲಿ ನೀರು. "ಹಿಂಗ ಬಡಕೋತ ಹೋದ್ರ ಎರಡು ವರ್ಷಕ್ಕ ಕೈ ಮ್ಯಾಲ ಏಳಂಗಿಲ್ಲ," ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಒಂದು ರೊಟ್ಟಿಗೆ ಖರ್ಚು ಕಳೆದು ಉಳಿಯುವುದು ಮೂರು ರೂಪಾಯಿ. ಐವತ್ತು ಬಿಟ್ಟರೆ, ವಾರದ ರಜೆ ಕಳೆದರೂ, ತಿಂಗಳಿಗೆ ಸುಮಾರು ನಾಲ್ಕು ಸಾವಿರ ಹೋಗುತ್ತದೆ, ಮಗಳ ಫೀಸು ನಿಲ್ಲುತ್ತದೆ. ಟಿಕೋಟಾದ ರೊಕ್ಕವನ್ನು ಪೋಸ್ಟಿನ ತಿಂಗಳ ಬಡ್ಡಿಯ ಯೋಜನೆಗೆ ಹಾಕಿದರೆ ಬರುವುದು ಮೂರು ಸಾವಿರದ ಒಂಬೈನೂರ ತೊಂಬತ್ತಾರು. ಬೇಕಾದದ್ದಕ್ಕೆ ನಾಲ್ಕೇ ರೂಪಾಯಿ ಕಡಿಮೆ! ಈ ಲೆಕ್ಕವನ್ನು ಆಕೆ ಹಿಟ್ಟಿನ ಕೈಯಲ್ಲೇ ಕ್ಯಾಲೆಂಡರಿನ ಹಿಂದೆ ಮೂರು ಸಲ ಹಾಕಿ ನೋಡಿದ್ದಳು.

ರೊಟ್ಟಿ ಒಯ್ಯಲು ಬರುವ ಶಾಂಭವಿ ಎಂಬ ಕಾಲೇಜು ಮೇಡಂ ಲೆಕ್ಕ ನೋಡಿ ಸರಿ ಎಂದಿದ್ದಳು. ಜೊತೆಗೆ ಒಂದು ಮಾತು ಸೇರಿಸಿದ್ದಳು: "ಬಡ್ಡಿ ಅಷ್ಟಕ್ಕ ಅಷ್ಟ ಇರತೈತ್ರಿ, ಜೋಳದ ರೇಟು ನಿಂದ್ರೂದಿಲ್ಲ. ಸಣ್ಣದೊಂದು ಮ್ಯೂಚುವಲ್ ಫಂಡಿನ್ಯಾಗ ತಿಂಗಳಾ ಐದುನೂರು ಹಾಕಕೋತ ಹೋಗ್ರಿ. ಅದು ಏರಿಳಿತೈತಿ, ಹೆದರಬ್ಯಾಡ್ರಿ, ಹತ್ತು ವರ್ಷ ಮುಟ್ಟಬ್ಯಾಡ್ರಿ." ಅದನ್ನು ಹೊಳೆವ್ವ ಆಗಲೇ ಶುರು ಮಾಡಿದ್ದಳು. ಉಳಿದದ್ದು ಟಿಕೋಟಾದ ಗಂಟು ಬಿಚ್ಚುವುದೊಂದೇ.

ಗುಮಾಸ್ತ ದಾರಿ ಹೇಳಿದ್ದ. ಮದುವೆ ನೋಂದಣಿ ಪತ್ರ ತಂದರೆ, ಅದರಲ್ಲಿ ಎರಡೂ ಹೆಸರಿದ್ದರೆ, ಖಾತೆ ಸುವರ್ಣಾಳ ಹೆಸರಿಗೆ ಬದಲಾಗುತ್ತದೆ. ಮದುವೆ ನೋಂದಣಿಯಾಗಿರಲಿಲ್ಲ. ಈಗ ಮಾಡಿಸಬೇಕೆಂದರೆ ಗಂಡ ಬಂದು ಸಹಿ ಮಾಡಬೇಕು. ಹೀಗಾಗಿ ಇಪ್ಪತ್ತೆಂಟು ವರ್ಷ ಬಚ್ಚಿಟ್ಟದ್ದನ್ನು ಆಕೆ ಒಂದು ಮುಂಜಾನೆ ಚಹದ ಜೊತೆಗೆ ಚಂದ್ರಕಾಂತನ ಮುಂದಿಟ್ಟಳು. ಅವನು ಸಿಟ್ಟಾಗಲಿಲ್ಲ. ಬಸಿಗೆ ಚಹ ಸುರಿದುಕೊಳ್ಳುತ್ತ, "ಸಹಿ ಮಾಡಾಕ ನಂದೇನು ಅಡ್ಡಿ ಇಲ್ಲ. ಅಣ್ಣನ್ನ ಒಂದು ಮಾತು ಕೇಳ್ತೀನಿ," ಎಂದ. ಹೆಂಡತಿಯ ರೊಕ್ಕಕ್ಕೆ ಅಣ್ಣನ ಮಾತೇಕೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಅವನು ಚಪ್ಪಲಿ ತಗೊಳ್ಳಲೂ ಅಣ್ಣನನ್ನು ಕೇಳಿದವನು.

ಅಣ್ಣ ಮಾಳಪ್ಪ ಅದೇ ಭಾನುವಾರ ಬಬಲೇಶ್ವರದಿಂದ ಬಂದ. ಬಿಳಿ ಅಂಗಿ, ಕೈಯಲ್ಲಿ ಲೇಔಟಿನ ನಕ್ಷೆ. ಕೂಡುವ ಮೊದಲೇ ಶುರು ಮಾಡಿದ.

"ಇಷ್ಟು ವರ್ಷ ನಮ್ಮ ಮನ್ಯಾಗ ಉಂಡು, ನಮಗ ಗೊತ್ತಿಲ್ಲಧಂಗ ಗಂಟು ಮಾಡಿಯಲ್ಲ ಸುವರ್ಣಾ."

"ಉಂಡದ್ದು ನಾನು ಬಡದ ರೊಟ್ಟಿ, ಭಾವಾರ. ನೀವೂ ಅದನ್ನ ಉಂಡೀರಿ," ಎಂದಳು ಆಕೆ, ಹಂಚಿನಿಂದ ಕಣ್ಣು ತೆಗೆಯದೆ.

ಮಾಳಪ್ಪ ನಕ್ಷೆ ಹರವಿದ. ತೊರವಿ ಹತ್ತಿರ ಪ್ಲಾಟು ಬಿದ್ದಿವೆ, ಕಾಲೇಜು ಬಂದಿದೆ, ರೋಡು ಬಂದಿದೆ, ಐದು ವರ್ಷಕ್ಕೆ ಮೂರು ಪಟ್ಟು ಎಂದೆಲ್ಲ ಹೇಳಿದ. ಆರೂವರೆ ಲಕ್ಷ ಮುಂಗಡ ಕೊಟ್ಟರೆ ಒಂದು ಮೂಲೆ ಪ್ಲಾಟು ಹಿಡಿದಿಡುತ್ತಾರೆ. ಉಳಿದದ್ದನ್ನು ತಾನು ಹಾಕುತ್ತಾನೆ.

"ಪ್ಲಾಟು ತಿಂಗಳಾ ತಿಂಗಳಾ ಏನು ಕೊಡತೈತ್ರಿ?" ಎಂದು ಕೇಳಿದಳು.

"ಏನೂ ಕೊಡಂಗಿಲ್ಲ, ರೇಟು ಏರತೈತಿ. ಬಡ್ಡಿ ತಿನ್ನೂದು ಮುದುಕರ ಕೆಲಸ."

"ನನ್ನ ಭುಜಕ್ಕ ರೇಟು ಬ್ಯಾಡ್ರಿ. ತಿಂಗಳಾ ನಾಲ್ಕು ಸಾವಿರ ಬೇಕು. ಮತ್ತ, ಪ್ಲಾಟು ಯಾರ ಹೆಸರಿಲೆ?"

"ಹೆಸರು ಯಾರದಾದ್ರೇನು? ಮನಿದು."

ಆಗ ಆಕೆ ಹಂಚಿನಿಂದ ಮುಖ ಎತ್ತಿದಳು. ಬೆಂಕಿಯ ಝಳಕ್ಕೋ ಸಿಟ್ಟಿಗೋ ಮುಖ ಕೆಂಪಾಗಿತ್ತು. "ಹೆಸರು ಯಾರದಾದ್ರೇನು ಅಂತ ನನ್ನ ಮುಂದ ಅನಬ್ಯಾಡ್ರಿ ಭಾವಾರ. ಬ್ಯಾರೆ ಯಾರ ಮುಂದರ ಅನ್ರಿ."

"ಹಂಗಾದ್ರ ಸಹೀನೂ ಇಲ್ಲ," ಎಂದ ಮಾಳಪ್ಪ, ಸಹಿ ತನ್ನದೇ ಎಂಬಂತೆ. ಹೊಳೆವ್ವ ಗಂಡನನ್ನು ನೋಡಿದಳು. ಚಂದ್ರಕಾಂತ ನಕ್ಷೆಯಲ್ಲಿ ಮೂಲೆ ಪ್ಲಾಟು ಹುಡುಕುತ್ತಿದ್ದ. ಆ ಹೊತ್ತು ಆಕೆಗೆ ಆದ ಅವಮಾನ ಅಷ್ಟಿಷ್ಟಲ್ಲ. ಇವನ ಜ್ವರಕ್ಕೆ, ಇವನ ಗಾಡಿಯ ಕಂತಿಗೆ, ಇವನ ಅಣ್ಣನ ಮಕ್ಕಳ ಕೂದಲು ತೆಗೆಸುವ ಜವಳಕ್ಕೆ ಈ ಕೈ ರೊಟ್ಟಿ ಬಡಿದಿದೆ. ಒಂದು ಸಹಿ ಕೇಳಿದರೆ ಇವನಿಗೆ ನಕ್ಷೆ ಕಾಣುತ್ತಿದೆ. ಆಕೆ ಮತ್ತೆ ಹಂಚಿನ ಕಡೆ ತಿರುಗಿದಳು. ಮಾತಾಡಿದರೆ ಅಳು ಬರುತ್ತಿತ್ತು, ಭಾವನ ಮುಂದೆ ಅಳಲು ಆಕೆ ಸಿದ್ಧಳಿರಲಿಲ್ಲ.

ಮರುದಿನ ರೊಟ್ಟಿ ಮುಗಿಸಿ ನೇರ ಕೋರ್ಟಿನ ಕಡೆ ನಡೆದಳು. ಕೋರ್ಟಿನ ಕಾಂಪೌಂಡಿನ ಹೊರಗೆ ಅಬ್ದುಲಸಮದ ಎಂಬ ಹಿರಿಯ ಅರ್ಜಿ ಬರೆಯುತ್ತ ಕುಳಿತಿರುತ್ತಾನೆ. ಅರ್ಧ ಊರಿನ ಜಗಳ ಅವನ ಕೈಬರಹದಲ್ಲಿದೆ. ಆಕೆಯ ಕಥೆ ಪೂರಾ ಕೇಳಿ, ಚಷ್ಮಾ ಒರೆಸಿಕೊಂಡ.

"ಎರಡು ದಾರಿ ಅದಾವ ತಂಗಿ. ಸುವರ್ಣಾ ಆಗೇ ಉಳಿತೀನಿ ಅಂದ್ರ ಯಜಮಾನರ ಸಹಿ ಬೇಕು, ಹದಿನೈದು ದಿನದ ಕೆಲಸ. ಹೊಳೆವ್ವ ಆಗ್ತೀನಿ ಅಂದ್ರ ಯಾರ ಸಹೀನೂ ಬ್ಯಾಡ. ಆದ್ರ ನೋಟರಿ, ಪೇಪರಿನ್ಯಾಗ ಜಾಹೀರಾತು, ಸರ್ಕಾರದ ಗೆಜೆಟ್, ಆಮ್ಯಾಲ ಆಧಾರ, ಪ್ಯಾನ್, ಬ್ಯಾಂಕು, ರೇಷನ್ನು, ಓಟಿನ ಕಾರ್ಡು, ಗ್ಯಾಸು, ಎಲ್ಲಾ ಒಂದೊಂದಾಗಿ ತಿದ್ದಸಬೇಕು. ಆರು ತಿಂಗಳು ಬೇಕು. ಚಪ್ಪಲಿ ಹರಿತಾವ."

"ಹರೀಲಿ ಅಣ್ಣಾರ. ಹೊಸಾವು ತಗೋತೀನಿ."

ಅಬ್ದುಲಸಮದ ಪೆನ್ನಿನ ಕ್ಯಾಪು ತೆಗೆದ. "ಹೆಸರಿನ ಮುಂದ ಗಂಡನ ಹೆಸರು ಹಾಕಲ್ಯಾ, ತಂದಿ ಹೆಸರು ಹಾಕಲ್ಯಾ?"

"ಪಾಸ್‌ಬುಕ್ಕಿನ್ಯಾಗ ಹ್ಯಾಂಗೈತಿ, ಹಂಗ."

ಅವನು ಪಾಸ್‌ಬುಕ್ಕು ನೋಡಿಕೊಂಡು ಬರೆದ: ಹೊಳೆವ್ವ ಶಂಕರೆಪ್ಪ ಪೂಜೇರಿ.

ಮುಂದಿನ ತಿಂಗಳುಗಳನ್ನು ಏನೆಂದು ಹೇಳುವುದು! ಟಿಕೋಟಾದ ಸಾಲಿಗೆ ಹೋಗಿ ನಾಲ್ಕನೇ ಇಯತ್ತೆಯ ದಾಖಲೆ ತೆಗೆಸಿದಳು. ಅರ್ಜಿ ಒಮ್ಮೆ ಫೋಟೋ ಸರಿಯಿಲ್ಲವೆಂದು ವಾಪಸು ಬಂತು, ಇನ್ನೊಮ್ಮೆ ಕಾಗದ ಸಾಲದೆಂದು ಬಂತು. ರೊಟ್ಟಿ ಬಡಿದು ಮುಗಿಸಿದ ಭುಜಕ್ಕೆ ಮುಲಾಮು ಹಚ್ಚಿಕೊಂಡು ಪಾಳಿಯಲ್ಲಿ ನಿಂತಳು. ಒಂದು ಕಿಟಕಿಯಲ್ಲಿ ಒಬ್ಬ ಸಾಹೇಬ, "ಎಲ್ಲಾರೂ ಹಳ್ಳಿ ಹೆಸರು ಬಿಟ್ಟು ಚಂದನ ಹೆಸರು ಇಟ್ಕೋತಾರ. ನೀವೇನ್ರಿ, ಸುವರ್ಣಾ ಬಿಟ್ಟು ಹೊಳೆವ್ವ ಆಗಾಕತ್ತೀರಿ?" ಎಂದು ನಕ್ಕ. ಆಕೆ ನಗಲಿಲ್ಲ. "ಹೊಳೆವ್ವನ ಹೆಸರಿಲೆ ಆರೂವರಿ ಲಕ್ಷ ಐತ್ರಿ. ಸುವರ್ಣಾನ ಹೆಸರಿಲೆ ಮುಸುರಿ ಭಾಂಡೆ ಅದಾವ," ಎಂದಳು. ಸಾಹೇಬ ಮುದ್ರೆ ಒತ್ತಿದ.

ಮನೆಯಲ್ಲಿ ಚಂದ್ರಕಾಂತ ಮುಖ ಗಂಟಿಕ್ಕಿಕೊಂಡು ಓಡಾಡಿದ. ಮಾಳಪ್ಪ ಫೋನಿನಲ್ಲಿ ದಿನಾ ಕಿವಿ ತುಂಬಿದ. ಜಲನಗರದ ಮನೆಯಲ್ಲಿ ಇವರೊಂದಿಗೇ ಇದ್ದ ಅತ್ತೆಯಂತೂ ಸೊಸೆಯೊಂದಿಗೆ ಮಾತು ಬಿಟ್ಟಳು. ಎಂಬತ್ತರ ಹತ್ತಿರದ ಮುದುಕಿ, ಹೊತ್ತಿಗೆ ಹೊತ್ತು ಈ ಸೊಸೆಯ ಕೈ ರೊಟ್ಟಿಯನ್ನೇ ಹಾಲಲ್ಲಿ ನೆನೆಸಿ ತಿನ್ನುವಾಕೆ. ತಾನು ಬದುಕಿರುವಾಗಲೇ ತನ್ನ ಹೆಸರು ಕಸಿದುಕೊಳ್ಳುತ್ತಿದ್ದಾಳೆ ಎಂದು ಓಣಿಯ ಹೆಂಗಸರ ಮುಂದೆ ಹೇಳಿಕೊಂಡು ಬಂದಿದ್ದಳು.

ಪೇಪರಿನಲ್ಲಿ ಜಾಹೀರಾತು ಬಂದ ದಿನ ಮುದುಕಿಯೇ ಮಾತು ತೆಗೆದಳು. "ಏನು ಹಾಕ್ಯಾರ, ಓದ."

ಹೊಳೆವ್ವ ಓದಿದಳು. ಸುವರ್ಣಾ ಎಂಬ ಹೆಸರಿನ ನಾನು ಇನ್ನು ಮುಂದೆ ಹೊಳೆವ್ವ ಎಂಬ ಜನ್ಮನಾಮದಿಂದಲೇ ಕರೆಯಲ್ಪಡುತ್ತೇನೆ. ನಾಲ್ಕು ಸಾಲು, ಬೆರಳಗಲದ ಜಾಗ.

"ನನ್ನ ಹೆಸರು ತಗೊಂಡಿ ಬೇ."

"ನಿಮ್ಮದು ತಗೊಂಡಿಲ್ಲ ಅತ್ತಿ. ನಂದು ನಾನು ತಗೊಂಡೇನಿ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಆಮೇಲೆ ಸಾವಕಾಶ ಹೇಳಿದಳು, "ಅದು ನಂದೂ ಅಲ್ಲ. ನಮ್ಮವ್ವ ನನಗ ನೀಲಾಬಾಯಿ ಅಂತಿದ್ಲು. ಈ ಮನಿಗಿ ಬಂದ ದಿನ ಅಕ್ಕ್ಯಾಗ ಹೊಳೆವ್ವ ಅಂತ ಬರದ್ರು."

"ಯಾಕ್ರಿ?"

"ಯಾಕೋ ಯಾರಿಗೆ ಗೊತ್ತು. ನಾನೂ ಕೇಳಲಿಲ್ಲ. ಅವರೂ ಹೇಳಲಿಲ್ಲ."

ಹೊಳೆವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾವ ಹೆಸರಿಗೆ ಜಾಗ ಬಿಡಬೇಕೆಂದು ತನ್ನ ಹೆಸರು ಅಳಿಸಿದ್ದರೋ, ಆ ಹೆಸರೂ ಇನ್ನೊಬ್ಬಳ ಮೇಲೆ ಹೇರಿದ್ದಾಗಿತ್ತು. ಆಕೆಗೆ ಮುದುಕಿಯ ಮೇಲೆ ಕರುಳು ಮಿಡಿಯಿತು, ಸತ್ತುಹೋದ ಆ ಹಿರಿಯರೆಲ್ಲರ ಮೇಲೆ ಮೈ ಉರಿಯಿತು. ನೀಲಾಬಾಯಿ ಪೇಪರನ್ನು ಮಡಚಿ ಮಂಡಿಯ ಕೆಳಗಿಟ್ಟುಕೊಂಡಳು. "ಮಾಳ್ಯಾಗ ನಾನು ಹೇಳ್ತೀನಿ. ನೀನು ನಿನ್ನ ಕಾಗದ ನೋಡ್ಕೋ," ಎಂದಳು. ಆ ರಾತ್ರಿಯಿಂದ ಮಾಳಪ್ಪನ ಫೋನು ಕಡಿಮೆಯಾಯಿತು.

ಏಳನೇ ತಿಂಗಳಿಗೆ ಹೊಸ ಆಧಾರ ಬಂತು, ಅದರ ಹಿಂದೆ ಪ್ಯಾನ್. ಟಿಕೋಟಾಕ್ಕೆ ಹೋಗುವ ದಿನ ಚಂದ್ರಕಾಂತ ತಾನಾಗಿಯೇ ಗಾಡಿ ತೆಗೆದ. ಅದೇ ಗುಮಾಸ್ತ, ಅದೇ ಕಿಟಕಿ. ಅವನು ಕಾರ್ಡು ನೋಡಿದ, ಪಾಸ್‌ಬುಕ್ಕು ನೋಡಿದ, ಎದ್ದು ನಿಂತು ಆಕೆಗೊಂದು ಕುರ್ಚಿ ಹಾಕಿಸಿದ. ಖಾತೆ ತೆರೆಯಿತು. ಪೂರಾ ರೊಕ್ಕ ತಿಂಗಳ ಬಡ್ಡಿಯ ಯೋಜನೆಗೆ ಹೋಯಿತು.

"ಜಂಟಿ ಖಾತೆ ಮಾಡ್ತೀರೇನ್ರಿ? ಯಜಮಾನ್ರೂ ಬಂದಾರ," ಎಂದ ಗುಮಾಸ್ತ. ಚಂದ್ರಕಾಂತ ಅಂಗಿಯ ಜೇಬಿನಿಂದ ಆಗಲೇ ತನ್ನ ಆಧಾರ ಕಾರ್ಡು ಅರ್ಧ ಹೊರಗೆಳೆದಿದ್ದ.

"ಇಲ್ರಿ. ನನ್ನೊಬ್ಬಾಕಿ ಹೆಸರು."

"ನಾಮಿನಿ?"

"ಮಗಳು. ವಿಜಯಲಕ್ಷ್ಮೀ."

"ಮದುವಿ ಆದಮ್ಯಾಲ ಅವರ ಹೆಸರು ಬದಲಾದ್ರ ಬಂದು ತಿಳಸ್ರಿ, ಇಲ್ಲಾಂದ್ರ ಮತ್ತ ಇದ ತ್ರಾಸು."

"ಆಕಿ ಹೆಸರು ಬದಲಾಗೂದಿಲ್ರಿ," ಎಂದು ಹೊಳೆವ್ವ ಸಹಿ ಮಾಡಿದಳು. ಅಕ್ಷರ ಸೊಟ್ಟಗಾದವು, ಆದರೆ ಪೂರಾ ಬರೆದಳು.

ಹೊರಗೆ ಗಾಡಿಯ ಹತ್ತಿರ ಚಂದ್ರಕಾಂತ ತಡೆಯಲಾರದೆ ಕೇಳಿದ. "ನನ್ನ ಹೆಸರು ಹಾಕಿದ್ರ ಏನಾಗ್ತಿತ್ತು?"

"ನಿಮ್ಮ ಹೆಸರು ಒಮ್ಮಿ ಕೇಳೇನಿ, ಸಹಿ ಮಾಡ್ರಿ ಅಂತ. ಆವತ್ತು ಕೊಡಲಿಲ್ಲ."

ಅವನು ಊರು ಮುಟ್ಟುವವರೆಗೂ ಗಾಡಿ ಹೊಡೆದ, ಅಷ್ಟೇ.

ಮೊದಲ ಬಡ್ಡಿ ಜಮಾ ಆದ ದಿನ ಆಕೆ ಎಂದಿನಂತೆ ರೊಟ್ಟಿಗೆ ಕುಳಿತಳು. ಹನಮವ್ವ ಎಣಿಸುತ್ತ ಎಣಿಸುತ್ತ ಇನ್ನೂರೈವತ್ತು ಎಂದಾಗ ಹೊಳೆವ್ವ ಕೈ ಜಾಡಿಸಿ ಎದ್ದಳು. ಆರ್ಡರಿನ ಚೀಟಿ ಹಿಡಿದು ಕುಳಿತಿದ್ದ ಚಂದ್ರಕಾಂತ ಗಾಬರಿಯಾದ.

"ಇನ್ನ ಐವತ್ತು ಅದಾವಲ್ಲ. ಮಂದಿ ಬರ್ತಾರ."

"ನಿನ್ನೇನ ಎಲ್ಲಾರಿಗೂ ಹೇಳೇನಿ, ಇನ್ನ ಇನ್ನೂರೈವತ್ತ ಅಂತ."

"ನನಗ ಹೇಳಲಿಲ್ಲ. ನಾನು ಐವತ್ತಕ್ಕ ಮಾತು ಕೊಟ್ಟೇನಿ."

ಹೊಳೆವ್ವ ಹಿಟ್ಟಿನ ಪರಾತವನ್ನು ಎಡಗೈಯಿಂದ ಅವನ ಮುಂದಕ್ಕೆ ನೂಕಿದಳು. "ಮಾತು ಕೊಟ್ಟಾವರು ಬಡೀರಿ," ಎಂದು ಹೇಳಿ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಹಿಟ್ಟು ತೊಳೆದುಕೊಂಡಳು.